ರಸ್ತೆ ದಾಟುವ ಒಂದು ಪೈಪು: ಶುಲ್ಕ ಎಷ್ಟು, ಓಡಾಟ ಎಷ್ಟು?



ದಿನಕ್ಕೆ ಹತ್ತು ಲೀಟರ್ ಹಾಲು ಕೊಡುವ ಮಿಶ್ರತಳಿ ಹಸುವಿಗೆ ಕುಡಿಯಲಿಕ್ಕೇ 60ರಿಂದ 80 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಕೊಟ್ಟಿಗೆಯಲ್ಲಿ ಅಂಥ ನಾಲ್ಕು ಹಸುಗಳಿದ್ದರೆ ದಿನಕ್ಕೆ ಸುಮಾರು 280 ಲೀಟರ್ ಆಯಿತು. 15 ಲೀಟರ್ ಹಿಡಿಯುವ ಕೊಡದಲ್ಲಿ ಹೊತ್ತರೆ 19 ಕೊಡ. ಹಸುವಿನ ಮೈ ತೊಳೆಯಲು, ಕೊಟ್ಟಿಗೆ ತೊಳೆಯಲು, ಹಾಲಿನ ಕ್ಯಾನು ತೊಳೆಯಲು ಬೇಕಾದ ನೀರು ಇದರಲ್ಲಿ ಸೇರಿಲ್ಲ.

ನಮ್ಮ ಅನೇಕ ಊರುಗಳಲ್ಲಿ ಮನೆ ಮತ್ತು ಕೊಳವೆಬಾವಿ ರಸ್ತೆಯ ಈ ಬದಿಗಿದ್ದರೆ ಕೊಟ್ಟಿಗೆ ಆ ಬದಿಗಿರುತ್ತದೆ. ನಡುವೆ ಇರುವುದು ಹತ್ತು ಹನ್ನೆರಡು ಅಡಿ ಡಾಂಬರು. ಆ ಹನ್ನೆರಡು ಅಡಿಯ ಕೆಳಗೆ ಒಂದು ಪೈಪು ಹೋದರೆ ಸಾಕು, ದಿನದ 19 ಕೊಡ ಸೊಂಟದಿಂದ ಇಳಿಯುತ್ತದೆ. ಇನ್ನೊಂದು ಹಸು ಕಟ್ಟುವ ಧೈರ್ಯವೂ ಬರುತ್ತದೆ.

ಆದರೆ ರಸ್ತೆ ನಮ್ಮದಲ್ಲ, ಸಾರ್ವಜನಿಕರದು. ಅಗೆಯಬೇಕಾದರೆ ಅನುಮತಿ ಬೇಕು. ಕೊಟ್ಟಿಗೆಗೆ ಮೇವಿನ ಟ್ರ್ಯಾಕ್ಟರ್ ಬರಲು ರಸ್ತೆ ಚರಂಡಿಯ ಮೇಲೆ ಮೋರಿ ಹಾಕಬೇಕಾದರೂ ಅನುಮತಿ ಬೇಕು. ಸಂಘದ ಬಿಎಂಸಿ ಕಟ್ಟಡಕ್ಕೆ ಹಾಲಿನ ಟ್ಯಾಂಕರ್ ತಿರುಗಲು ದಾರಿ ಮಾಡಬೇಕಾದರೂ, ಮೇವು ಕತ್ತರಿಸುವ ಯಂತ್ರಕ್ಕೆ ಕರೆಂಟು ಎಳೆಯಲು ರಸ್ತೆ ಬದಿ ಕಂಬ ನೆಡಬೇಕಾದರೂ ಅಷ್ಟೇ. ಈ ಅನುಮತಿಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ, ಆ ಖರ್ಚನ್ನು ಹೇಗೆ ಇಳಿಸಬಹುದು ಎಂಬುದು ಈ ಲೇಖನದ ವಿಷಯ.

ಮೊದಲು ತಿಳಿಯಬೇಕಾದ್ದು: ರಸ್ತೆ ಯಾರದು?

ಅನುಮತಿಯ ಓಡಾಟದಲ್ಲಿ ಅತಿ ಹೆಚ್ಚು ದಿನ ಹಾಳಾಗುವುದು ತಪ್ಪು ಕಚೇರಿಗೆ ಹೋಗುವುದರಿಂದ. ನಮ್ಮ ಊರಿನ ರಸ್ತೆ ಎಂದ ಮಾತ್ರಕ್ಕೆ ಅದು ಗ್ರಾಮ ಪಂಚಾಯಿತಿಯದೇ ಆಗಬೇಕೆಂದಿಲ್ಲ.

ಊರೊಳಗಿನ ಬೀದಿ, ಓಣಿ, ಕೇರಿ ರಸ್ತೆಗಳಿಗೆ ಗ್ರಾಮ ಪಂಚಾಯಿತಿ. ಊರಿಂದ ಊರಿಗೆ ಹೋಗುವ ಗ್ರಾಮೀಣ ರಸ್ತೆಗಳಿಗೆ ಸಾಮಾನ್ಯವಾಗಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳಿಗೆ ಲೋಕೋಪಯೋಗಿ ಇಲಾಖೆ. ಇದರ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಕಚೇರಿ ಸಾಮಾನ್ಯವಾಗಿ ತಾಲ್ಲೂಕು ಕೇಂದ್ರದಲ್ಲಿರುತ್ತದೆ. ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರ ಅಥವಾ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ.

ಗುರುತು ಹಿಡಿಯಲು ಸುಲಭದ ದಾರಿ ಒಂದಿದೆ. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ತಲೆ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಬಣ್ಣವಿದ್ದರೆ ಗ್ರಾಮೀಣ ರಸ್ತೆ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಪಕ್ಕದಲ್ಲಿ ಯೋಜನೆಯ ಫಲಕವೂ ಇರುತ್ತದೆ. ಈ ಯೋಜನೆಯ ರಸ್ತೆಯನ್ನು ಮುಗಿದ ನಂತರ ಐದು ವರ್ಷ ನಿರ್ವಹಣೆ ಮಾಡುವ ಹೊಣೆ ಗುತ್ತಿಗೆದಾರನದು. ಆ ಅವಧಿಯೊಳಗೆ ಯಾರಾದರೂ ಅಗೆದು ಹಾಳು ಮಾಡಿದರೆ, ಮುಂದೆ ರಸ್ತೆ ಕಿತ್ತುಹೋದಾಗ ಅದು ಕಾಮಗಾರಿಯ ದೋಷವೋ ಅಗೆತದ ದೋಷವೋ ಎಂಬ ಜಗಳ ಶುರುವಾಗುತ್ತದೆ. ಹಾಗಾಗಿ ಹೊಸ ರಸ್ತೆ ಅಗೆಯಲು ಇಂಜಿನಿಯರ್‌ಗಳು ಸುಲಭವಾಗಿ ಒಪ್ಪುವುದಿಲ್ಲ.

ಕಲ್ಲು ಕಾಣದಿದ್ದರೆ ನಿಮ್ಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು, ಅಂದರೆ ಪಿಡಿಒ ಅವರನ್ನು ಕೇಳಿ. "ಸಾರ್, ಈ ರಸ್ತೆ ಯಾವ ಇಲಾಖೆಗೆ ಸೇರಿದ್ದು?" ಎಂಬ ಒಂದೇ ಪ್ರಶ್ನೆ ನಿಮ್ಮ ಎರಡು ಮೂರು ದಿನ ಉಳಿಸುತ್ತದೆ.

ಕಟ್ಟುವ ಹಣ ಯಾವುದಕ್ಕೆ?

ಕಚೇರಿಯಲ್ಲಿ "ಇಷ್ಟು ಕಟ್ಟಿ" ಎಂದು ಒಟ್ಟು ಮೊತ್ತ ಹೇಳಿದರೆ ಅದು ದೊಡ್ಡದಾಗಿ ಕಾಣುತ್ತದೆ. ಬಿಡಿಸಿ ನೋಡಿದರೆ ಅದರಲ್ಲಿ ಹಲವು ಭಾಗಗಳಿರುತ್ತವೆ.

ಒಂದು, ಅರ್ಜಿ ಅಥವಾ ಪರಿಶೀಲನಾ ಶುಲ್ಕ. ಕಾಗದ ನೋಡಲು, ಸ್ಥಳಕ್ಕೆ ಬಂದು ಅಳೆಯಲು ಕಚೇರಿಗೆ ಆಗುವ ಖರ್ಚಿಗಾಗಿ ಇದು. ಇದು ವಾಪಸ್ ಬರುವುದಿಲ್ಲ.

ಎರಡು, ರಸ್ತೆಯನ್ನು ಮೊದಲಿನಂತೆ ಮಾಡುವ ವೆಚ್ಚ. ಅಗೆದ ಜಾಗದ ಉದ್ದ, ಅಗಲ ಮತ್ತು ರಸ್ತೆ ಮಣ್ಣಿನದೋ, ಜಲ್ಲಿಯದೋ, ಡಾಂಬರಿನದೋ, ಕಾಂಕ್ರೀಟಿನದೋ ಎಂಬುದರ ಮೇಲೆ ಇದನ್ನು ಲೆಕ್ಕ ಹಾಕುತ್ತಾರೆ. ಒಟ್ಟು ಮೊತ್ತದಲ್ಲಿ ಸಾಮಾನ್ಯವಾಗಿ ಇದೇ ದೊಡ್ಡ ಭಾಗ.

ಮೂರು, ಭದ್ರತಾ ಠೇವಣಿ. ನೀವೇ ಗುಂಡಿ ಮುಚ್ಚಿ ರಸ್ತೆ ಸರಿಮಾಡುತ್ತೀರಿ ಎಂದಾದರೆ, ಸರಿಯಾಗಿ ಮಾಡುತ್ತೀರೆಂಬ ಭರವಸೆಗೆ ಇಟ್ಟುಕೊಳ್ಳುವ ಹಣ. ಕೆಲಸ ಸರಿಯಿದ್ದರೆ ಇದು ನಿಮಗೆ ವಾಪಸ್ ಬರಬೇಕು.

ನಾಲ್ಕು, ಕೆಲವು ಕಡೆ ಮೇಲ್ವಿಚಾರಣಾ ಶುಲ್ಕ, ಹೆದ್ದಾರಿಗಳಲ್ಲಿ ಜಾಗ ಬಳಕೆಯ ಪರವಾನಗಿ ಶುಲ್ಕ ಮತ್ತು ಛಾಪಾ ಕಾಗದದ ಮೇಲೆ ಕರಾರು ಪತ್ರ.

ದರ ಊರಿಂದ ಊರಿಗೆ, ಇಲಾಖೆಯಿಂದ ಇಲಾಖೆಗೆ ಬೇರೆ ಇರುತ್ತದೆ. ಆದ್ದರಿಂದ ಪಕ್ಕದೂರಿನವರು ಇಷ್ಟು ಕಟ್ಟಿದರು ಎಂಬ ಮಾತಿಗಿಂತ ನಿಮ್ಮ ಕಚೇರಿಯ ದರಪಟ್ಟಿ ಮುಖ್ಯ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮಿನಂತೆ, ಕಚೇರಿ ತಾನು ಕೆಲಸ ಮಾಡುವ ವಿಧಾನ ಮತ್ತು ನಿಯಮಗಳನ್ನು ಯಾರೂ ಕೇಳದಿದ್ದರೂ ತಾನಾಗಿ ಪ್ರಕಟಿಸಬೇಕು. ಕೇಳುವುದಕ್ಕೆ ಸಂಕೋಚ ಬೇಡ. ಒಟ್ಟು ಮೊತ್ತ ಹೇಳಿದಾಗ "ಇದರಲ್ಲಿ ವಾಪಸ್ ಬರುವುದು ಎಷ್ಟು, ಬಾರದ್ದು ಎಷ್ಟು, ಬರೆದು ಕೊಡಿ" ಎಂದು ಕೇಳಿ.

ರಸೀದಿಯಲ್ಲಿ ಕಾಣದ ಖರ್ಚು

ಈಗ ಇನ್ನೊಂದು ಲೆಕ್ಕಕ್ಕೆ ಬರೋಣ. ಈ ಖರ್ಚಿಗೆ ಯಾವ ರಸೀದಿಯೂ ಇಲ್ಲ.

ಒಬ್ಬ ಸದಸ್ಯೆ ಅರ್ಜಿ ಕೊಡಲು ಹೊರಟರು ಎಂದಿಟ್ಟುಕೊಳ್ಳಿ. ಒಂದು ದಿನ ಕಚೇರಿ ಯಾವುದೆಂದು ತಿಳಿಯಲು. ಒಂದು ದಿನ ಪಹಣಿ, ನಕ್ಷೆ ತರಲು. ಒಂದು ದಿನ ಅರ್ಜಿ ಕೊಡಲು. ಸ್ಥಳ ನೋಡಲು ಇಂಜಿನಿಯರ್ ಬರುತ್ತಾರೆಂದು ಒಂದು ದಿನ ಮನೆಯಲ್ಲೇ ಕಾಯಲು. ಹಣ ಕಟ್ಟಲು ಒಂದು ದಿನ. ಆದೇಶ ತರಲು ಒಂದು ದಿನ. ಎಲ್ಲವೂ ಸುಸೂತ್ರವಾಗಿ ನಡೆದರೂ ಆರು ದಿನ ಆಯಿತು.

ಬಸ್ ಚಾರ್ಜು 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದಾಗಿ ಉಳಿದಿದೆ. ಆದರೆ ದಿನ ಉಳಿಯುವುದಿಲ್ಲ. ಬೆಳಿಗ್ಗೆ ಹಾಲು ಕರೆದು ಸಂಘಕ್ಕೆ ಹಾಕಿ ಹೊರಟವರು, ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕು. ನಡುವೆ ಇರುವ ಹೊತ್ತಿನಲ್ಲೇ ಹುಲ್ಲು ಕೊಯ್ಯುವುದು, ಮೇವು ಹಾಕುವುದು, ನೀರು ಕುಡಿಸುವುದು, ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುವುದು. ಸಾಹೇಬರು ಮೀಟಿಂಗಿಗೆ ಹೋಗಿದ್ದರೆ ಆ ಹೊತ್ತು ಪೂರ್ತಿ ಹೋಯಿತು. ನಾಳೆ ಮತ್ತೆ ಬರಬೇಕು.

ಇದಕ್ಕೆ ಬೆಲೆ ಕಟ್ಟೋಣ. 2025-26ನೇ ಸಾಲಿಗೆ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಆರು ದಿನಕ್ಕೆ 2,220 ರೂಪಾಯಿ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿಯಂತೆ ನೋಡಿದರೆ, ಇದು 444 ಲೀಟರ್ ಹಾಲಿಗೆ ಬರುವ ಪ್ರೋತ್ಸಾಹಧನಕ್ಕೆ ಸಮ. ದಿನಕ್ಕೆ ಹತ್ತು ಲೀಟರ್ ಹಾಕುವ ಮನೆಗೆ ಇದು ಒಂದೂವರೆ ತಿಂಗಳ ಪ್ರೋತ್ಸಾಹಧನ. ಗಂಡನೋ ಮಗನೋ ಜೊತೆಗೆ ಬಂದರೆ ಇಬ್ಬರ ಕೂಲಿ ಹೋಯಿತು.

ಕಚೇರಿಯ ಲೆಕ್ಕದಲ್ಲಿ ಈ ಹಣ ಇಲ್ಲ. ನಮ್ಮ ಬಟವಾಡೆ ಪುಸ್ತಕದಲ್ಲೂ ಇಲ್ಲ. ಆದರೆ ಖರ್ಚಾಗಿರುವುದು ನಿಜ. ಇದಕ್ಕೆ ಹೆದರಿಯೇ ಕೆಲವರು ಅನುಮತಿಯ ಸಹವಾಸವೇ ಬೇಡವೆಂದು ಕೊಡ ಹೊರುತ್ತಲೇ ಇರುತ್ತಾರೆ. ಇನ್ನು ಕೆಲವರು ರಾತ್ರೋರಾತ್ರಿ ಜೆಸಿಬಿ ತರಿಸಿ ಅಗೆಸುತ್ತಾರೆ. ಎರಡೂ ದುಬಾರಿ. ಕದ್ದು ಅಗೆದ ಗುಂಡಿಗೆ ಮಳೆಗಾಲದಲ್ಲಿ ಬೈಕು ಬಿದ್ದರೆ ಹೊಣೆ ಅಗೆಸಿದವರ ತಲೆಗೆ ಬರುತ್ತದೆ. ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ ಮೊಕದ್ದಮೆ ಬೀಳಬಹುದು. ಮೇಲಾಗಿ ಆ ಪೈಪಿಗೆ ಯಾವ ಹಕ್ಕೂ ಇರುವುದಿಲ್ಲ. ನಾಳೆ ರಸ್ತೆ ಅಗಲ ಮಾಡುವಾಗ ಕಿತ್ತು ಬಿಸಾಡಿದರೆ ಕೇಳುವಂತಿಲ್ಲ.

ಕಚೇರಿಯ ಕಡೆಯಿಂದಲೂ ನೋಡೋಣ

ಇಂಜಿನಿಯರ್ ಕಚೇರಿಗೂ ಒಂದು ಅರ್ಜಿಗೆ ಇಷ್ಟು ಕೆಲಸ ಎಂದಿದೆ. ಅರ್ಜಿ ದಾಖಲು ಮಾಡಬೇಕು, ಸ್ಥಳ ತನಿಖೆ ಆಗಬೇಕು, ಅಂದಾಜು ಪಟ್ಟಿ ತಯಾರಾಗಬೇಕು, ಹಣ ಕಟ್ಟಿಸಿಕೊಳ್ಳಬೇಕು, ಆದೇಶ ಹೊರಡಿಸಬೇಕು, ಕೆಲಸ ಮುಗಿದ ಮೇಲೆ ಮತ್ತೆ ನೋಡಬೇಕು. ಪೈಪು ಹನ್ನೆರಡು ಅಡಿ ಇದ್ದರೂ, ಹನ್ನೆರಡು ಕಿಲೋಮೀಟರ್ ಇದ್ದರೂ ಈ ಮೆಟ್ಟಿಲುಗಳು ಹೆಚ್ಚು ಕಡಿಮೆ ಅಷ್ಟೇ. ಕೈಕೆಳಗೆ ನೂರಾರು ಕಿಲೋಮೀಟರ್ ರಸ್ತೆ ಇಟ್ಟುಕೊಂಡ ಇಂಜಿನಿಯರ್‌ಗೆ ನಮ್ಮ ಹನ್ನೆರಡು ಅಡಿಗಾಗಿ ಬೇರೆ ದಿನ ತೆಗೆಯುವುದು ಕಷ್ಟ. ಬೇರೆ ಕೆಲಸಕ್ಕೆ ಈ ಕಡೆ ಬಂದಾಗ ನೋಡೋಣ ಎಂದು ಫೈಲು ಉಳಿಯುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ವಿಷಯವಿದೆ. ಅನುಮತಿಯ ಆಡಳಿತ ಖರ್ಚು ಪೈಪಿನ ಉದ್ದಕ್ಕೆ ತಕ್ಕಂತೆ ಬೆಳೆಯುವುದಿಲ್ಲ, ಅರ್ಜಿಗಳ ಸಂಖ್ಯೆಗೆ ತಕ್ಕಂತೆ ಬೆಳೆಯುತ್ತದೆ. ಹಾಗಾದರೆ ಖರ್ಚು ಇಳಿಸುವ ದಾರಿಯೂ ಅಲ್ಲೇ ಇದೆ. ಅರ್ಜಿಗಳನ್ನು ಕಡಿಮೆ ಮಾಡಬೇಕು. ಅಂದರೆ ಒಟ್ಟಿಗೆ ಹೋಗಬೇಕು. ಒಬ್ಬೊಬ್ಬರೇ ಪೇಟೆಗೆ ಹಾಲು ಮಾರಲು ಹೋಗುವ ಬದಲು ಒಂದೇ ಕ್ಯಾನಿಗೆ ಸುರಿದು ಕಳಿಸಲು ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹತ್ತು ಅಗೆತದ ಬದಲು ಒಂದು

ಒಂದು ಉದಾಹರಣೆ ಲೆಕ್ಕ ನೋಡಿ. ಗ್ರಾಮೀಣ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್. ಪೈಪು ಹಾಕಲು 60 ಸೆಂಟಿಮೀಟರ್ ಅಗಲದ ಕಾಲುವೆ ತೋಡಿದರೆ ಹಾಳಾಗುವ ರಸ್ತೆ 2.25 ಚದರ ಮೀಟರ್. ಒಂದೇ ಬೀದಿಯ ಹತ್ತು ಮನೆಯವರು ಹತ್ತು ಕಡೆ ಅಗೆದರೆ 22.5 ಚದರ ಮೀಟರ್. ಹತ್ತು ಅರ್ಜಿ, ಹತ್ತು ಸ್ಥಳ ತನಿಖೆ, ಹತ್ತು ಠೇವಣಿ, ಮೇಲಿನ ಲೆಕ್ಕದಂತೆ ಅರವತ್ತು ದಿನದ ಓಡಾಟ.

ಅದೇ ಹತ್ತು ಮನೆಯವರು ಒಂದು ಜಾಗ ಆರಿಸಿ, ಅಲ್ಲಿ ರಸ್ತೆಯ ಕೆಳಗೆ ಒಂದು ದೊಡ್ಡ ಪೈಪು ಹಾಕಿಸಿ, ಅದರೊಳಗೆ ತಮ್ಮ ತಮ್ಮ ಸಣ್ಣ ನೀರಿನ ಪೈಪುಗಳನ್ನು ತೂರಿಸಿಕೊಂಡರೆ? ರಸ್ತೆ ಹಾಳಾಗುವುದು 2.25 ಚದರ ಮೀಟರ್ ಮಾತ್ರ. ಒಂದು ಅರ್ಜಿ, ಒಂದು ತನಿಖೆ, ಒಂದು ಠೇವಣಿ. ಆರು ದಿನದ ಓಡಾಟವನ್ನು ಹತ್ತು ಜನ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಒಂದು ದಿನವೂ ಬರುವುದಿಲ್ಲ. ನಾಳೆ ಯಾರದಾದರೂ ಪೈಪು ಒಡೆದರೆ ರಸ್ತೆ ಅಗೆಯದೆ ಎಳೆದು ಬದಲಾಯಿಸಬಹುದು. ಇದು ದೊಡ್ಡ ಲಾಭ, ಏಕೆಂದರೆ ರಿಪೇರಿಗೆ ಅಗೆಯಬೇಕಾದರೂ ಮತ್ತೆ ಅನುಮತಿ ಬೇಕು.

ಸಂಘ ಇಲ್ಲಿ ಎರಡು ರೀತಿಯಲ್ಲಿ ನೆರವಾಗಬಹುದು. ಹಾಲು ಉತ್ಪಾದಕರ ಸಹಕಾರ ಸಂಘ ನೋಂದಾಯಿತ ಸಂಸ್ಥೆ. ಅದಕ್ಕೆ ಮೊಹರು ಇದೆ, ನಡಾವಳಿ ಪುಸ್ತಕ ಇದೆ. ಆಡಳಿತ ಮಂಡಳಿ ಸಭೆಯಲ್ಲಿ ವಿಷಯ ಮಂಡಿಸಿ, ಯಾವ ಸದಸ್ಯರಿಗೆ ಎಲ್ಲಿ ರಸ್ತೆ ದಾಟಬೇಕಾಗಿದೆ ಎಂಬ ಪಟ್ಟಿ ಮಾಡಿ, ಜಂಟಿ ಅರ್ಜಿಯ ಜೊತೆ ಸಂಘದ ಪತ್ರ ಲಗತ್ತಿಸಬಹುದು. ಜಂಟಿ ಅರ್ಜಿಯನ್ನು ಯಾರ ಹೆಸರಿನಲ್ಲಿ ಕೊಡಬೇಕೆಂದು ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಖರ್ಚು ಫಲಾನುಭವಿ ಸದಸ್ಯರದೇ, ಸಂಘದ ಹಣವಲ್ಲ ಎಂಬುದನ್ನು ನಡಾವಳಿಯಲ್ಲಿ ಸ್ಪಷ್ಟವಾಗಿ ಬರೆಯಿಸಿ. ಮುಂದೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುವುದಿಲ್ಲ.

ರಸ್ತೆ ಹಾಕುವ ಮೊದಲೇ ಕೇಳಿ

ಅತಿ ಅಗ್ಗದ ಅಗೆತವೆಂದರೆ ರಸ್ತೆ ಇನ್ನೂ ಡಾಂಬರು ಕಾಣದಿರುವಾಗ ಮಾಡುವುದು. ಆಗ ಒಡೆಯುವುದೂ ಇಲ್ಲ, ಸರಿಮಾಡುವ ವೆಚ್ಚವೂ ಇಲ್ಲ.

2019ರಲ್ಲಿ ಜಲ ಜೀವನ್ ಮಿಷನ್ ಶುರುವಾದ ಮೇಲೆ ಮನೆ ಮನೆಗೆ ನಲ್ಲಿ ಹಾಕಲು ಎಷ್ಟೋ ಊರುಗಳಲ್ಲಿ ರಸ್ತೆ ಅಗೆದದ್ದನ್ನು ನೋಡಿದ್ದೇವೆ. ಕಾಂಕ್ರೀಟು ಹಾಕಿದ ಮರುವರ್ಷವೇ ಒಡೆದ ಬೀದಿಗಳೂ ಇವೆ. ಕ್ರಮ ತಿರುಗುಮುರುಗಾದರೆ ಆಗುವ ನಷ್ಟ ಇದು.

ನಿಮ್ಮ ಬೀದಿಯ ರಸ್ತೆ ಕಾಮಗಾರಿ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಬರುತ್ತಿದೆ ಎಂದು ಗೊತ್ತಾದ ಕೂಡಲೇ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಕೊಟ್ಟಿಗೆಗಳಿರುವ ಕಡೆ ರಸ್ತೆಗೆ ಅಡ್ಡಲಾಗಿ ಖಾಲಿ ಪೈಪು ಹಾಕಿ ಬಿಡಬೇಕು, ಟ್ರ್ಯಾಕ್ಟರ್ ಮತ್ತು ಹಾಲಿನ ಗಾಡಿ ಹತ್ತಿಳಿಯುವ ಕಡೆ ಚರಂಡಿಗೆ ಗಟ್ಟಿ ಮೋರಿ ಹಾಕಬೇಕು ಎಂದು ಹೇಳಿ, ನಡಾವಳಿಯಲ್ಲಿ ಬರೆಯಿಸಿ. ಅಂದಾಜು ಪಟ್ಟಿ ತಯಾರಾಗುವ ಮುಂಚೆ ಹೇಳಿದ್ದು ಸೇರುತ್ತದೆ. ಕೆಲಸ ಶುರುವಾದ ಮೇಲೆ ಹೇಳಿದರೆ "ಎಸ್ಟಿಮೇಟ್‌ನಲ್ಲಿ ಇಲ್ಲಮ್ಮ" ಎಂಬ ಉತ್ತರ ಬರುತ್ತದೆ. ಗ್ರಾಮಸಭೆಗೆ ಹೆಣ್ಣುಮಕ್ಕಳು ಹೋಗದಿದ್ದರೆ ಕೊಟ್ಟಿಗೆಯ ನೀರಿನ ಮಾತು ಅಲ್ಲಿ ಬರುವುದೇ ಇಲ್ಲ, ಏಕೆಂದರೆ ನೀರು ಹೊರುವವರು ನಾವು.

ಹೆದ್ದಾರಿ ಪಕ್ಕದವರಿಗೆ ಎಚ್ಚರಿಕೆ

ರಾಷ್ಟ್ರೀಯ ಹೆದ್ದಾರಿಯ ವಿಷಯ ಬೇರೆ. 2002ರ ರಾಷ್ಟ್ರೀಯ ಹೆದ್ದಾರಿ (ಭೂಮಿ ಮತ್ತು ಸಂಚಾರ) ನಿಯಂತ್ರಣ ಕಾಯ್ದೆಯಂತೆ ಹೆದ್ದಾರಿ ಜಾಗದಲ್ಲಿ ಕಂಬ, ತಂತಿ, ಪೈಪು, ಚರಂಡಿ, ದಾರಿ ಯಾವುದನ್ನೇ ಮಾಡಲು ಹೆದ್ದಾರಿ ಆಡಳಿತದ ಅನುಮತಿ ಬೇಕು. ಹೆದ್ದಾರಿಯನ್ನು ಬೇಕೆಂದೇ ಹಾಳುಗೆಡವಿದರೆ 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಯಡಿ ಐದು ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಲು ಅವಕಾಶವಿದೆ. ಅಲ್ಲಿ ಡಾಂಬರು ಒಡೆಯಲು ಬಿಡದೆ, ಪಕ್ಕದಿಂದ ಅಡ್ಡ ಕೊರೆದು ಪೈಪು ತೂರಿಸಲು ಹೇಳುತ್ತಾರೆ. ಹೊರಕವಚದ ಪೈಪಿನ ಮೇಲ್ತುದಿ ರಸ್ತೆ ಮಟ್ಟದಿಂದ ಕನಿಷ್ಠ 1.2 ಮೀಟರ್ ಕೆಳಗಿರಬೇಕು. ಒಂದು ಮನೆಗೆ ಇದು ಭಾರವಾದ ಖರ್ಚು. ಹೆದ್ದಾರಿಯ ಕೆಳಗೆ ಈಗಾಗಲೇ ಸೇತುವೆ ಮೋರಿ ಇದ್ದರೆ ಅದರ ಮೂಲಕ ಪೈಪು ಒಯ್ಯಲು ಅನುಮತಿ ಸಿಗುವುದೇ ಎಂದು ಮೊದಲು ವಿಚಾರಿಸಿ. ಇಲ್ಲವಾದರೆ ಆ ಬದಿಯಲ್ಲೇ ನೀರಿನ ವ್ಯವಸ್ಥೆ ಮಾಡಿಕೊಳ್ಳುವುದು ಅಗ್ಗವಾಗಬಹುದು.

ಹೊಸ ಕೊಟ್ಟಿಗೆ ಕಟ್ಟುವವರು ಜಾಗ ಆರಿಸುವಾಗಲೇ ಯೋಚಿಸಿ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಂತೆ ಊರ ಹೊರಗಿನ ಬಯಲಿನಲ್ಲಿ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ನಡುಗೆರೆಯಿಂದ 40 ಮೀಟರ್, ಜಿಲ್ಲಾ ಮುಖ್ಯ ರಸ್ತೆಯ ನಡುಗೆರೆಯಿಂದ 25 ಮೀಟರ್ ಒಳಗೆ ಕಟ್ಟಡ ಬರಬಾರದು. ಸಾಲ ಮಾಡಿ ಕಟ್ಟಿದ ಕೊಟ್ಟಿಗೆ ಈ ಗೆರೆಯೊಳಗಿದ್ದರೆ ದಾರಿಗೂ ಅನುಮತಿ ಕಷ್ಟ, ರಸ್ತೆ ಅಗಲವಾದಾಗ ಕೊಟ್ಟಿಗೆಗೂ ಕಷ್ಟ.

ಮೋರಿ ಹಾಕುವಾಗ ನೆನಪಿಡಬೇಕಾದ್ದು: ಚರಂಡಿಯ ನೀರು ನಿಲ್ಲಬಾರದು. ಸಣ್ಣ ಪೈಪು ಹಾಕಿ ಮಣ್ಣು ತುಂಬಿದರೆ ಮೊದಲ ಮಳೆಗೇ ನೀರು ರಸ್ತೆಗೆ ಬರುತ್ತದೆ. ಕೊಟ್ಟಿಗೆ ತೊಳೆದ ನೀರು, ಸಗಣಿ ನೀರು ರಸ್ತೆ ಕಡೆಗೆ ಹರಿಯದಂತೆ ದಾರಿಯ ಇಳಿಜಾರು ಒಳಮುಖವಾಗಿರಲಿ.

ಕರೆಂಟಿನಿಂದ ಕಲಿಯಬಹುದಾದ ಪಾಠ

ಚಾಫ್ ಕಟರ್, ಹಾಲು ಕರೆಯುವ ಯಂತ್ರಕ್ಕೆ ಕರೆಂಟು ಸಂಪರ್ಕ ಬೇಕಾದರೆ ಪರಿಸ್ಥಿತಿ ಸ್ವಲ್ಪ ಸುಧಾರಿಸಿದೆ. ಕೇಂದ್ರ ಸರ್ಕಾರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಂತೆ ಹಳ್ಳಿಗಳಲ್ಲಿ ಹೊಸ ಸಂಪರ್ಕಕ್ಕೆ 30 ದಿನದ ಗಡುವಿತ್ತು. 2024ರ ತಿದ್ದುಪಡಿಯಲ್ಲಿ ಅದನ್ನು 15 ದಿನಕ್ಕೆ ಇಳಿಸಿದ್ದಾರೆ. ಗುಡ್ಡಗಾಡಿನ ಹಳ್ಳಿಗಳಿಗೆ ಮಾತ್ರ 30 ದಿನ. ಅದೇ ನಿಯಮದಲ್ಲಿ ಇನ್ನೊಂದು ಒಳ್ಳೆಯ ಅಂಶವಿದೆ. ಈಗಾಗಲೇ ವಿದ್ಯುತ್ ಇರುವ ಪ್ರದೇಶದಲ್ಲಿ 150 ಕಿಲೋವ್ಯಾಟ್‌ವರೆಗಿನ ಸಂಪರ್ಕಕ್ಕೆ, ಪ್ರತಿ ಮನೆಗೂ ಹೋಗಿ ಅಂದಾಜು ಹಾಕುವ ಬದಲು, ಸರಾಸರಿ ವೆಚ್ಚದ ಮೇಲೆ ನಿಗದಿತ ದರ ಇಡಬೇಕು ಎನ್ನುತ್ತದೆ. ಅಂದರೆ ಸಣ್ಣ ಕೆಲಸಕ್ಕೆ ಪ್ರತ್ಯೇಕ ತನಿಖೆಯ ಖರ್ಚೇ ಬೇಡ ಎಂಬ ತಿಳಿವಳಿಕೆ.

ದೂರವಾಣಿ ಕಂಪನಿಗಳ ವಿಷಯದಲ್ಲೂ ಹೀಗೆಯೇ. ರಸ್ತೆ ಬದಿಯಲ್ಲಿ ಕೇಬಲ್ ಹಾಕಲು 2016ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ನೆಲದಡಿಯ ಕೇಬಲ್‌ಗೆ ಆಡಳಿತ ವೆಚ್ಚವೆಂದು ಕಿಲೋಮೀಟರಿಗೆ 1,000 ರೂಪಾಯಿ ಮೀರುವಂತಿಲ್ಲ ಎಂದಿತು. 60 ದಿನದಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿದೆ ಎಂದೇ ತಿಳಿಯಬೇಕು ಎಂದೂ ಹೇಳಿತು. ಈಗ ಅದರ ಜಾಗದಲ್ಲಿ 2024ರ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ.

ಕಂಪನಿಗಳು ಒಟ್ಟಾಗಿ ಕೇಳಿದ್ದರಿಂದ ಅವರಿಗೆ ದರದ ಮಿತಿಯೂ ಸಿಕ್ಕಿತು, ದಿನದ ಗಡುವೂ ಸಿಕ್ಕಿತು. ಹನ್ನೆರಡು ಅಡಿ ರಸ್ತೆ ದಾಟಿಸಿ ಹಸುವಿಗೆ ನೀರು ಕೊಡುವವರಿಗೂ ಅಂಥದ್ದೇ ಸರಳ ನಿಯಮ ಬೇಡವೇ? ಇಷ್ಟು ಅಡಿಯೊಳಗಿನ ದಾಟುವಿಕೆಗೆ ಇಷ್ಟು ದರ, ಇಷ್ಟು ದಿನ ಎಂದು ಫಲಕದಲ್ಲಿ ಬರೆದು ಹಾಕಿದರೆ ಕಚೇರಿಗೂ ಕೆಲಸ ಕಡಿಮೆ, ನಮಗೂ ಓಡಾಟ ಕಡಿಮೆ. ಗ್ರಾಮ ಪಂಚಾಯಿತಿ ರಸ್ತೆಗಳ ಮಟ್ಟಿಗೆ ಇಂಥ ದರಪಟ್ಟಿ ಮಾಡಿ ಪ್ರಕಟಿಸುವಂತೆ ಗ್ರಾಮಸಭೆಯಲ್ಲಿ ಕೇಳಬಹುದು. ಸಂಘದ ವಾರ್ಷಿಕ ಮಹಾಸಭೆಯಲ್ಲೂ ನಿರ್ಣಯ ಮಾಡಿ ಪಂಚಾಯಿತಿಗೆ ಕಳಿಸಬಹುದು.

ಅರ್ಜಿ ಹಿಡಿದು ಹೊರಡುವ ಮುನ್ನ

ಒಂದು ಕಾಗದ ಬಿಟ್ಟುಹೋದರೆ ಒಂದು ದಿನ ಹೋಯಿತು. ಆದ್ದರಿಂದ ಇವನ್ನು ಜೋಡಿಸಿಕೊಂಡೇ ಹೊರಡಿ.

• ರಸ್ತೆಯ ಎರಡೂ ಬದಿಯ ಜಾಗದ ದಾಖಲೆ. ಹೊಲವಾದರೆ ಪಹಣಿ, ಊರೊಳಗಿನ ಜಾಗವಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11.

• ಜಾಗ ಮಾವನ ಅಥವಾ ಗಂಡನ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರ. ಸದಸ್ಯತ್ವ ನಮ್ಮ ಹೆಸರಿನಲ್ಲಿ, ಜಾಗ ಬೇರೆಯವರ ಹೆಸರಿನಲ್ಲಿ ಇರುವ ಮನೆಗಳೇ ಹೆಚ್ಚು. ಅರ್ಜಿ ತಿರುಗಿ ಬರಲು ಇದೂ ಒಂದು ಕಾರಣ.

• ಕೈಯಲ್ಲೇ ಬರೆದ ಸಣ್ಣ ನಕ್ಷೆ. ರಸ್ತೆ, ಚರಂಡಿ, ಕೊಳವೆಬಾವಿ, ಕೊಟ್ಟಿಗೆ, ಹತ್ತಿರದ ಕಿಲೋಮೀಟರ್ ಕಲ್ಲು ಅಥವಾ ಗುರುತು ಕಂಬ ತೋರಿಸಿ. ಪೈಪಿನ ಉದ್ದ, ದಪ್ಪ, ಆಳ ಬರೆಯಿರಿ.

• ಮೊಬೈಲಿನಲ್ಲಿ ತೆಗೆದ ಸ್ಥಳದ ಎರಡು ಮೂರು ಫೋಟೋ. ಅಗೆಯುವ ಮೊದಲು ರಸ್ತೆ ಹೇಗಿತ್ತು ಎಂಬುದಕ್ಕೆ ಇದು ಸಾಕ್ಷಿ.

• ಅರ್ಜಿಯ ಎರಡು ಪ್ರತಿ. ಒಂದರ ಮೇಲೆ ದಿನಾಂಕ, ಸಹಿ, ಮೊಹರು ಹಾಕಿಸಿ ನಿಮ್ಮ ಬಳಿ ಇಟ್ಟುಕೊಳ್ಳಿ. ಬಾಯಿಮಾತಿನ ಅರ್ಜಿಗೆ ಬೆಲೆ ಇಲ್ಲ.

ಪಂಚಾಯಿತಿ ರಸ್ತೆಯಾದರೆ ತಾಲ್ಲೂಕಿಗೆ ಹೋಗಬೇಕಾಗಿಲ್ಲ. ಗ್ರಾಮ ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರದ ಸೇವೆಗಳಲ್ಲಿ ರಸ್ತೆ ಅಗೆತದ ಅನುಮತಿಯೂ ಸೇರಿದೆ. ಬೇರೆ ಇಲಾಖೆಯಾದರೆ ಈ ಸೇವೆ ಸಕಾಲದಲ್ಲಿ ಬರುತ್ತದೆಯೇ ಎಂದು ಕೇಳಿ. ಬರುವುದಾದರೆ 15 ಅಂಕಿಯ ಸಕಾಲ ಸಂಖ್ಯೆ ಪಡೆಯದೆ ಎದ್ದು ಬರಬೇಡಿ. ಗಡುವು ಮೀರಿದರೆ ಮೇಲ್ಮನವಿಗೆ ಅವಕಾಶವಿದೆ. ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಇದೆ. ಮೊತ್ತ ಸಣ್ಣದು. ಆದರೆ ಅದು ತಡಮಾಡಿದ ಅಧಿಕಾರಿಯಿಂದ ವಸೂಲಾಗುವ ಹಣವಾದ್ದರಿಂದ ಫೈಲು ಮುಂದೆ ಸರಿಯುತ್ತದೆ.

ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ "ನನ್ನ ಇಂಥ ದಿನಾಂಕದ ಅರ್ಜಿ ಈಗ ಯಾರ ಬಳಿ ಇದೆ, ಏನು ಕ್ರಮವಾಗಿದೆ" ಎಂದು ಕೇಳಿ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗಿರಬೇಕು. ಬಡತನ ರೇಖೆಗಿಂತ ಕೆಳಗಿರುವ ಕುಟುಂಬದವರು ಶುಲ್ಕ ಕಟ್ಟಬೇಕಾಗಿಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

ಹಣ ಕಟ್ಟುವುದು ಚಲನ್ ಅಥವಾ ರಸೀದಿಯ ಮೂಲಕ ಮಾತ್ರ. ರಸೀದಿ ಇಲ್ಲದೆ ಕೈಗೆ ಕೊಟ್ಟ ಹಣ ಶುಲ್ಕವಲ್ಲ, ಲಂಚ. ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಬಹುದು. ಒಬ್ಬರೇ ಹೋದಾಗ ಕೇಳುವವರು, ಸಂಘದ ಪತ್ರ ಹಿಡಿದು ನಾಲ್ವರು ಹೋದಾಗ ಕೇಳಲು ಹಿಂಜರಿಯುತ್ತಾರೆ.

ಠೇವಣಿ ಮರೆಯಬೇಡಿ

ಕೆಲಸ ಮುಗಿದ ಮೇಲೆ ಹೆಚ್ಚಿನವರು ಮರೆಯುವುದು ಇದನ್ನು. ನೀರು ಬಂತು, ಸಂತೋಷವಾಯಿತು, ಠೇವಣಿ ರಸೀದಿ ಟ್ರಂಕಿನ ತಳ ಸೇರಿತು. ಅದು ತಾನಾಗಿ ನಿಮ್ಮ ಖಾತೆಗೆ ಬರುತ್ತದೆ ಎಂದು ಕಾಯಬೇಡಿ. ಅವಧಿ ಮುಗಿದ ಮೇಲೆ ಅರ್ಜಿ ಬರೆದು ಕೇಳಬೇಕು.

ಗುಂಡಿ ಮುಚ್ಚುವಾಗ ಒಂದೇ ಸಲ ಮಣ್ಣು ಸುರಿಯಬೇಡಿ. ಅರ್ಧರ್ಧ ಅಡಿ ಹಾಕಿ, ನೀರು ಬಿಟ್ಟು, ದಮ್ಮಸು ಮಾಡಿಸಿ. ಮೇಲೆ ಜಲ್ಲಿ, ನಂತರ ಡಾಂಬರು ಅಥವಾ ಕಾಂಕ್ರೀಟು. ಒಂದು ಮಳೆಗಾಲ ಕಳೆದ ಮೇಲೂ ಜಾಗ ಕುಸಿಯದಿದ್ದರೆ ನಿಮ್ಮ ಠೇವಣಿ ಭದ್ರ. ಮುಗಿದ ದಿನ ಮತ್ತು ಮಳೆಗಾಲದ ನಂತರ ಒಂದೊಂದು ಫೋಟೋ ತೆಗೆದಿಡಿ. ವಾಪಸ್ ಕೇಳಬೇಕಾದ ತಿಂಗಳನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ರಸೀದಿ ಯಾರ ಹೆಸರಿನಲ್ಲಿದೆಯೋ ಹಣ ಅವರಿಗೇ ಬರುತ್ತದೆ. ಹಣ ನೀವು ಕಟ್ಟಿ, ಹೆಸರು ಜೆಸಿಬಿಯವರದೋ ಪ್ಲಂಬರ್‌ನದೋ ಆಗಿದ್ದರೆ ಮುಂದೆ ಕಷ್ಟ. ಹಾಲಿನ ಬಟವಾಡೆ ಬರುವ ನಿಮ್ಮದೇ ಖಾತೆಯ ವಿವರ ಕೊಡಿ. ಜಂಟಿ ಅರ್ಜಿಯಾದರೆ ಯಾರು ಎಷ್ಟು ಹಾಕಿದ್ದಾರೆ ಎಂದು ಅಂದೇ ಬರೆದು ಎಲ್ಲರ ಸಹಿ ಹಾಕಿಸಿಕೊಳ್ಳಿ.

ಮುಂದಿನ ಸಂಘದ ಸಭೆಯಲ್ಲಿ ಹಾಲಿನ ದರ, ಪಶು ಆಹಾರ, ಜಿಡ್ಡಿನ ಅಂಶದ ಮಾತು ಮುಗಿದ ಮೇಲೆ ಐದು ನಿಮಿಷ ಈ ವಿಷಯಕ್ಕೆ ಕೊಡಿ. ನಮ್ಮಲ್ಲಿ ಯಾರು ಯಾರು ರಸ್ತೆ ದಾಟಿ ನೀರು ಹೊರುತ್ತಿದ್ದಾರೆ? ಯಾರ ಮನೆ ಮುಂದೆ ಮೋರಿ ಇಲ್ಲದೆ ಮೇವಿನ ಗಾಡಿ ದೂರ ನಿಲ್ಲುತ್ತಿದೆ? ಕೈ ಎತ್ತಿಸಿ ಹೆಸರು ಬರೆದುಕೊಳ್ಳಿ. ಪಟ್ಟಿಯಲ್ಲಿ ಮೂರು ಹೆಸರಿದ್ದರೂ ಸಾಕು, ಮೂರು ಅರ್ಜಿಯ ಬದಲು ಒಂದು ಅರ್ಜಿ ಆಗುತ್ತದೆ. ಬರೆಯುವ ಕ್ರಮದಲ್ಲಿ ಅನುಮಾನವಿದ್ದರೆ ಸಂಘಕ್ಕೆ ಬರುವ ಒಕ್ಕೂಟದ ವಿಸ್ತರಣಾಧಿಕಾರಿಯನ್ನು ಕೇಳಿ.